ಡಿಸ್ಕುಗಳು ಚೆನ್ನಾಗಿದ್ದವು, ಓದುವ ಡ್ರೈವ್ ಇರಲಿಲ್ಲ

ಚಿಕ್ಕಪ್ಪನ ಮೇಜಿನ ಕೆಳಖಾನೆಯಲ್ಲಿ ಸಿಕ್ಕ ಡಿಸ್ಕುಗಳಿಂದ ಫೋಟೋಗಳನ್ನು ಹೊರತೆಗೆಯುವ ಕೆಲಸ ಹೋದ ಭಾನುವಾರ ಮುಗಿಯಿತು. ಶುರು ಮಾಡಿ ನಾಲ್ಕು ತಿಂಗಳ ಮೇಲಾಗಿತ್ತು. ಡಿಸ್ಕ್ ಓದುವುದಕ್ಕೆ ನಿಜವಾಗಿ ಹಿಡಿದದ್ದು ಎರಡು ದಿನ ಅಷ್ಟೇ. ಉಳಿದ ಕಾಲವೆಲ್ಲ ಹೋದದ್ದು ಡ್ರೈವ್ ಹುಡುಕುವುದಕ್ಕೆ, ಪಾರ್ಸೆಲ್ ಕಾಯುವುದಕ್ಕೆ, ತಪ್ಪು ಕೇಬಲ್ ತರಿಸಿ ವಾಪಸ್ ಕಳಿಸುವುದಕ್ಕೆ. ನಿಮ್ಮ ಮನೆಯಲ್ಲೂ ಇಂಥ ಡಿಸ್ಕುಗಳು ಬಿದ್ದಿದ್ದರೆ ನನಗಾದ ಗೊಂದಲ ನಿಮಗೆ ಆಗದಿರಲಿ ಅಂತ, ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ಚಿಕ್ಕಪ್ಪ ಮುದ್ರಣಕ್ಕೆ ಪುಟ ಸಿದ್ಧಪಡಿಸುವ ಕೆಲಸದಲ್ಲಿದ್ದರು. 1990ರ ದಶಕದಲ್ಲಿ ಆ ಕೆಲಸದವರಿಗೆ ದೊಡ್ಡ ಫೈಲುಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಲು ಫ್ಲಾಪಿ ಸಾಲುತ್ತಿರಲಿಲ್ಲ. ಹಾಗಾಗಿ ಎಂಓ ಡಿಸ್ಕ್, ಅಂದರೆ ಮ್ಯಾಗ್ನೆಟೋ ಆಪ್ಟಿಕಲ್ ಡಿಸ್ಕ್ ಬಳಸುತ್ತಿದ್ದರು. ಬಿಡುವಿದ್ದಾಗ ಕೆಲಸದ ಜಾಗದ ಸ್ಕ್ಯಾನರಿನಲ್ಲೇ ಮನೆಯ ಹಳೆಯ ನೆಗೆಟಿವ್‌ಗಳನ್ನೆಲ್ಲ ಸ್ಕ್ಯಾನ್ ಮಾಡಿ ಇಟ್ಟಿದ್ದರಂತೆ. ಆಮೇಲೆ ನೆಗೆಟಿವ್‌ಗಳಿಗೆ ಬೂಷ್ಟು ಹಿಡಿದು ಒಂದಕ್ಕೊಂದು ಅಂಟಿಕೊಂಡು ಹಾಳಾದವು. ಚಿಕ್ಕಪ್ಪ ತೀರಿಕೊಂಡು ವರ್ಷ ತುಂಬಿದ ಮೇಲೆ ಚಿಕ್ಕಮ್ಮ ಆ ಖಾನೆ ತೆರೆದು ಡಬ್ಬಿ ನನ್ನ ಕೈಗಿಟ್ಟರು. "ಇದ್ರಲ್ಲಿ ಎಲ್ಲಾ ಇದೆ ಅಂತಿದ್ರು ಕಣೋ. ನೀನು ಕಂಪ್ಯೂಟರ್ ಕೆಲಸದವನಲ್ವಾ, ಸ್ವಲ್ಪ ನೋಡು" ಅಂದರು.

ಡಬ್ಬಿಯಲ್ಲಿ ಒಟ್ಟು 14 ಡಿಸ್ಕುಗಳಿದ್ದವು. ಒಂಬತ್ತು ಎಂಓ, ಎರಡು ಡಿವಿಡಿ ರ‍್ಯಾಮ್, ಮೂರು ಸಿಡಿ ಆರ್‌ಡಬ್ಲ್ಯೂ (ಇವೆರಡೂ ಅಳಿಸಿ ಮತ್ತೆ ಬರೆಯಬಹುದಾದ ಡಿವಿಡಿ, ಸಿಡಿಗಳು). ಎಂಓ ಡಿಸ್ಕನ್ನು ಮೊದಲ ನೋಟಕ್ಕೆ ಫ್ಲಾಪಿ ಅಂದುಕೊಂಡೆ. ಉದ್ದ ಅಗಲ ಹೆಚ್ಚುಕಡಿಮೆ ಅಷ್ಟೇ. ಆದರೆ ದಪ್ಪ ಹೆಚ್ಚುಕಮ್ಮಿ ಎರಡರಷ್ಟು, 6 ಮಿಲಿಮೀಟರ್. ತಗಡಿನ ಮುಚ್ಚಳವನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿದರೆ ಒಳಗೆ ಸಿಡಿಯ ಹಾಗೆ ಹೊಳೆಯುವ ತಟ್ಟೆ ಕಾಣುತ್ತದೆ. ಹೊಳಪು ಕಂಡ ಕೂಡಲೇ ಮುಚ್ಚಿಬಿಡಿ, ಅಲ್ಲಿಗೆ ಬೆರಳು ತಾಗಬಾರದು. ಹೊದಿಕೆಯ ಮೇಲೆ 230 ಎಂಬಿ ಅಂತಲೋ 640 ಎಂಬಿ ಅಂತಲೋ ಅಚ್ಚಾಗಿರುತ್ತದೆ. ಮುಂದೆ ಕೊಳ್ಳುವ ಪ್ರತಿಯೊಂದು ಸಾಮಾನೂ ಆ ಸಂಖ್ಯೆಯ ಮೇಲೆ ನಿಂತಿದೆ, ಮೊದಲು ಅದನ್ನು ಬರೆದುಕೊಳ್ಳಿ. ನನ್ನಲ್ಲಿ ಆರು 230ರವು, ಮೂರು 640ರವು.

ಚಿಕ್ಕಮ್ಮನಿಗೆ ಒಂದು ಭಯವಿತ್ತು. ಆ ಡಬ್ಬಿ ಹದಿನೈದು ವರ್ಷ ಒಂದು ದೊಡ್ಡ ಸ್ಪೀಕರಿನ ಪಕ್ಕದಲ್ಲೇ ಇತ್ತು. ಸ್ಪೀಕರಿನ ಅಯಸ್ಕಾಂತ ಎಲ್ಲ ಅಳಿಸಿರಬಹುದು ಅಂತ ಎರಡು ಮೂರು ಸಲ ಕೇಳಿದರು. ನನಗೂ ಅಳುಕಿತ್ತು. ಓದಿಕೊಂಡ ಮೇಲೆ ನಿರಾಳವಾಯಿತು. ಎಂಓ ಡಿಸ್ಕಿನಲ್ಲಿ ಮಾಹಿತಿ ಕೂತಿರುವುದು ಟರ್ಬಿಯಂ, ಕಬ್ಬಿಣ, ಕೋಬಾಲ್ಟ್ ಸೇರಿಸಿದ ಒಂದು ತೆಳು ಪದರದಲ್ಲಿ. ಮಾಮೂಲಿ ಉಷ್ಣತೆಯಲ್ಲಿ ಆ ಪದರದ ಕಾಂತದಿಕ್ಕನ್ನು ಮನೆಯಲ್ಲಿರುವ ಯಾವ ಅಯಸ್ಕಾಂತವೂ ಅಲುಗಾಡಿಸಲಾರದು. ಬರೆಯುವಾಗ ಲೇಸರ್ ಒಂದು ಚುಕ್ಕೆಯಷ್ಟು ಜಾಗವನ್ನು ಸುಮಾರು 200 ಡಿಗ್ರಿವರೆಗೆ ಕಾಯಿಸುತ್ತದೆ. ಆ ಕ್ಷಣಕ್ಕೆ ಮಾತ್ರ ಪದರದ ಕಾಂತದ ಹಿಡಿತ ಸಡಿಲವಾಗಿ, ಡ್ರೈವಿನ ಒಳಗಿನ ಕಾಂತಕ್ಷೇತ್ರ ಹೇಳಿದ ದಿಕ್ಕಿಗೆ ತಿರುಗುತ್ತದೆ. ಆರಿದ ಮೇಲೆ ಅದೇ ದಿಕ್ಕಿನಲ್ಲಿ ಗಟ್ಟಿಯಾಗಿ ನಿಂತುಬಿಡುತ್ತದೆ. ಓದುವಾಗ ಕಡಿಮೆ ಶಕ್ತಿಯ ಲೇಸರ್ ಬಿದ್ದು ಮರಳುವ ಬೆಳಕು ಯಾವ ಕಡೆಗೆ ಚೂರು ತಿರುಚಿಕೊಂಡಿದೆ ಎಂದು ನೋಡುತ್ತದೆ. ಈ ತಿರುಚುವಿಕೆಯನ್ನು ಜಾನ್ ಕೆರ್ 1877ರಲ್ಲೇ ಕಂಡುಹಿಡಿದಿದ್ದರು. ಇದನ್ನೆಲ್ಲ ಚಿಕ್ಕಮ್ಮನಿಗೆ ಫೋನಿನಲ್ಲಿ ಹೇಳಿದಾಗ ಅವರು ಕೇಳಿದ್ದು ಒಂದೇ: "ಅಂದ್ರೆ ಇದೆ ಅಂತಾಯ್ತಲ್ಲ?" ಇದೆ ಅಂದೆ. ಇದ್ದದ್ದೇನೋ ನಿಜ, ಅದನ್ನು ಓದುವ ಯಂತ್ರ ಮಾತ್ರ ನನ್ನ ಬಳಿ ಇರಲಿಲ್ಲ.

ದತ್ತಾಂಶ ತೆಗೆದುಕೊಡುವ ಒಂದು ಕಡೆ ವಿಚಾರಿಸಿದೆ. ಡಿಸ್ಕಿಗೆ ಇಷ್ಟು ಅಂತ ಹೇಳಿದರು. ಒಂಬತ್ತಕ್ಕೆ ಲೆಕ್ಕ ಹಾಕಿದರೆ ಒಳ್ಳೆಯ ಹೊಸ ಕಂಪ್ಯೂಟರೇ ಬರುತ್ತಿತ್ತು. ಅದಕ್ಕಿಂತ, ಡಿಸ್ಕುಗಳನ್ನು ಅಂಚೆಗೆ ಹಾಕಿ ಕಳಿಸಬೇಕು ಅಂದದ್ದೇ ಚಿಕ್ಕಮ್ಮನಿಗೆ ಒಪ್ಪಿಗೆಯಾಗಲಿಲ್ಲ. ಹಾಗಾಗಿ ನಾನೇ ಡ್ರೈವ್ ಹುಡುಕಲು ಹೊರಟೆ.

ಡ್ರೈವ್ ಕೊಳ್ಳುವಾಗ ನೆನಪಿಡಬೇಕಾದ ನಿಯಮ ಸುಲಭ. ಮೂರೂವರೆ ಇಂಚಿನ ಎಂಓ ಡ್ರೈವುಗಳು ತಮಗಿಂತ ಚಿಕ್ಕ ಡಿಸ್ಕುಗಳನ್ನು ಓದುತ್ತವೆ, ದೊಡ್ಡದನ್ನು ಓದುವುದಿಲ್ಲ. 640ರ ಡ್ರೈವ್ ಇದ್ದರೆ 128, 230, 540 ಎಂಬಿಯ ಡಿಸ್ಕುಗಳೂ ಓಡುತ್ತವೆ. 230ರ ಡ್ರೈವಿಗೆ 640 ಹಾಕಿದರೆ ಉಗುಳಿಬಿಡುತ್ತದೆ. ಆಮೇಲೆ ಬಂದ 1.3 ಜಿಬಿ ಡ್ರೈವ್ ಸಿಕ್ಕರೆ ಇನ್ನೂ ಒಳ್ಳೆಯದು. ಐದೂಕಾಲು ಇಂಚಿನ ಎಂಓ ಬೇರೆಯೇ ಜಾತಿ. ಅದು ಎರಡೂ ಬದಿ ಬಳಸುವ ಡಿಸ್ಕು, ಒಂದು ಬದಿ ಮುಗಿದ ಮೇಲೆ ಮಗುಚಿ ಹಾಕಬೇಕು. ಅದಕ್ಕೂ ಇದಕ್ಕೂ ಹೊಂದುವುದಿಲ್ಲ. ಇನ್ನೊಂದು ಮಾತು: ಕೊನೆಕೊನೆಗೆ ಬಂದ ಡ್ರೈವುಗಳಲ್ಲಿ ಯುಎಸ್‌ಬಿ ಇರುವವೂ ಇವೆ. ಅಂಥದ್ದು ಸಿಕ್ಕರೆ ಸ್ವಲ್ಪ ಹೆಚ್ಚು ದುಡ್ಡಾದರೂ ತೆಗೆದುಕೊಳ್ಳಿ. ಆಗ ಕೆಳಗೆ ನಾನು ಹೇಳುವ ಸ್ಕಸಿ (ಡ್ರೈವುಗಳನ್ನು ಕಂಪ್ಯೂಟರಿಗೆ ಜೋಡಿಸುವ ಹಳೆಯ ಬಗೆ) ಪುರಾಣ ನಿಮಗೆ ಬೇಡವೇ ಬೇಡ. ನನಗೆ ಐದು ವಾರ ಕಾದರೂ ಸಿಗಲಿಲ್ಲ.

ಮೊದಲು ಕೊಂಡ ಡ್ರೈವ್ ಮೋಸವಾಯಿತು. "ಪರೀಕ್ಷಿಸಲಾಗಿದೆ, ಚಾಲ್ತಿಯಲ್ಲಿದೆ" ಅಂತ ಬರೆದಿದ್ದರು. ಬಂದ ಮೇಲೆ ಡಿಸ್ಕ್ ಹಾಕಿದರೆ ಒಳಗೆಳೆದುಕೊಂಡಿತು, ಹಸಿರು ದೀಪ ಎರಡು ಸಲ ಮಿನುಗಿ ಆರಿತು, ತಿರುಗುವ ಸದ್ದೇ ಇಲ್ಲ. ಮಾರಿದವರನ್ನು ಕೇಳಿದರೆ, ಕರೆಂಟ್ ಕೊಟ್ಟಾಗ ದೀಪ ಬಂತು, ಅದೇ ಪರೀಕ್ಷೆ ಅಂದರು. ಹಣ ಮರಳಲಿಲ್ಲ. ಒಳಗೆ ಸಿಕ್ಕಿಕೊಂಡ ಡಿಸ್ಕನ್ನು ಮುಂಭಾಗದ ಸಣ್ಣ ತೂತಿಗೆ ನೇರ ಮಾಡಿದ ಪೇಪರ್ ಕ್ಲಿಪ್ ತೂರಿಸಿ ಈಚೆ ತೆಗೆದೆ. ಅಷ್ಟು ಹೊತ್ತೂ ಎದೆ ಡವಡವ ಅನ್ನುತ್ತಿತ್ತು. ಆಗಲೇ ತೀರ್ಮಾನಿಸಿದೆ, ಚಿಕ್ಕಪ್ಪನ ಡಿಸ್ಕನ್ನು ಪರೀಕ್ಷೆಗೆ ಬಳಸಬಾರದು ಅಂತ. ನೀವೂ ಹೋದರೆ ಹೋಗಲಿ ಅನ್ನುವಂಥ ಒಂದು ಹಳೆಯ ಡಿಸ್ಕ್ ಬೇರೆಯಾಗಿ ಕೊಂಡಿಡಿ. ಡ್ರೈವ್ ಮಾರುವವರಿಂದ ಡಿಸ್ಕ್ ಹಾಕಿ, ಫೈಲುಗಳ ಪಟ್ಟಿ ತೆರೆದು, ಡಿಸ್ಕ್ ಹೊರಗೆ ತೆಗೆಯುವವರೆಗಿನ ವಿಡಿಯೋ ಕೇಳಿ. ಕೊಡಲಿಕ್ಕಾಗದು ಅಂದರೆ ಅಲ್ಲಿಗೇ ಬಿಡಿ.

ಎರಡನೆಯ ಡ್ರೈವ್ ಮೂರು ವಾರದ ಮೇಲೆ ಬಂತು, ವಿಡಿಯೋ ನೋಡಿಯೇ ಕೊಂಡದ್ದು. 640ರದ್ದು, ಕಂಪ್ಯೂಟರಿನ ಒಳಗೆ ಕೂರಿಸುವಂಥದ್ದು, ಹಿಂದೆ 50 ಪಿನ್ನಿನ ಸ್ಕಸಿ ಕನೆಕ್ಟರ್. ಈಗಿನ ಕಂಪ್ಯೂಟರಿನಲ್ಲಿ ಸ್ಕಸಿ ಇಲ್ಲ, ಸ್ಕಸಿ ಕಾರ್ಡ್ ಹಾಕಲು ಬೇಕಾದ ಹಳೆಯ ಪಿಸಿಐ ಸ್ಲಾಟೂ ಇಲ್ಲ. ಗೆಳೆಯನೊಬ್ಬ ಮೂಲೆಗಿಟ್ಟಿದ್ದ ಹಳೆಯ ಕಂಪ್ಯೂಟರನ್ನು ಎರವಲು ತಂದೆ. ಕಾರ್ಡ್, ಕೇಬಲ್, ಟರ್ಮಿನೇಟರ್ (ಕೇಬಲ್ಲಿನ ತುದಿಯಲ್ಲಿ ಸಂಕೇತ ಮರಳಿ ಬರದಂತೆ ತಡೆಯುವ ತುಂಡು) ಈ ಮೂರಕ್ಕೆ ಸೇರಿ ಡ್ರೈವಿಗೆ ಕೊಟ್ಟಷ್ಟೇ ಹಣ ಹೋಯಿತು. ಅದರಲ್ಲೂ ಮೊದಲ ಕೇಬಲ್ 68 ಪಿನ್ನಿನದು ಬಂದು, ಮರಳಿಸಿ ಇನ್ನೊಂದು ತರಿಸಲು ಎರಡು ವಾರ. ನಿಮ್ಮದು ಹೊರಗಿಡುವ ಡ್ರೈವ್ ಆಗಿ, ಹಿಂದೆ 25 ಪಿನ್ನಿನ ಕನೆಕ್ಟರ್ ಇದ್ದರೆ ಇನ್ನೂ ಎಚ್ಚರ ಬೇಕು. ಅದು ನೋಡಲು ಹಳೆಯ ಪ್ರಿಂಟರ್ ಪೋರ್ಟಿನ ಹಾಗೇ ಇರುತ್ತದೆ, ಸರಿಯಾಗಿ ಕೂರುತ್ತದೆ ಕೂಡ. ಸ್ಕಸಿ ಡ್ರೈವನ್ನು ಪ್ರಿಂಟರ್ ಪೋರ್ಟಿಗೆ ಸಿಕ್ಕಿಸಬೇಡಿ, ಎರಡೂ ಸುಟ್ಟಾವು.

ಜೋಡಿಸಿ ಆನ್ ಮಾಡಿದ ದಿನ ವಿಚಿತ್ರ ನೋಡಿದೆ. ಕಂಪ್ಯೂಟರ್ ಶುರುವಾಗುವಾಗ ಸ್ಕಸಿ ಕಾರ್ಡ್ ತನಗೆ ಜೋಡಿಸಿದ ಸಾಧನಗಳ ಪಟ್ಟಿ ತೋರಿಸುತ್ತದೆ. ಇದ್ದ ಒಂದೇ ಡ್ರೈವ್ 0, 1, 2, 3 ಅಂತ 6ರವರೆಗೂ ಏಳು ಕಡೆ ಕಾಣಿಸಿತು. ಡ್ರೈವ್ ಹಾಳಾಗಿದೆ ಅಂತ ಆ ರಾತ್ರಿ ಊಟವೂ ಸೇರಲಿಲ್ಲ. ಮಾರನೆಯ ದಿನ ಡ್ರೈವಿನ ಕೈಪಿಡಿಯ ಸ್ಕ್ಯಾನ್ ಪ್ರತಿ ಸಿಕ್ಕಿತು, ಜಂಪರ್‌ಗಳ, ಅಂದರೆ ಡ್ರೈವಿನ ಸಂಖ್ಯೆ ಹೊಂದಿಸಲು ಪಿನ್ನುಗಳ ಮೇಲೆ ಹಾಕುವ ಪುಟ್ಟ ತುಂಡುಗಳ, ಚಿತ್ರ ನೋಡಿದೆ. ಸ್ಕಸಿಯಲ್ಲಿ ಪ್ರತಿಯೊಂದು ಸಾಧನಕ್ಕೂ ಬೇರೆ ಬೇರೆ ಸಂಖ್ಯೆ ಇರಬೇಕು. ಕಾರ್ಡ್ ಸಾಮಾನ್ಯವಾಗಿ 7 ಅನ್ನು ತಾನೇ ಇಟ್ಟುಕೊಳ್ಳುತ್ತದೆ. ನನ್ನ ಡ್ರೈವಿನ ಮೂರು ಜಂಪರ್‌ಗಳನ್ನೂ ಹಿಂದಿನವರು ಹಾಕಿಟ್ಟಿದ್ದರು, ಅಂದರೆ ಅದೂ 7. ಇಬ್ಬರೂ ಒಂದೇ ಹೆಸರಿಗೆ ಓಗೊಟ್ಟರೆ ಹೀಗೆ ಎಲ್ಲ ಕಡೆ ಕಾಣುತ್ತದೆ. ಎರಡು ಜಂಪರ್ ತೆಗೆದು 4 ಮಾಡಿದೆ. ಒಂದೇ ಕಡೆ ಬಂದು ಕೂತಿತು.

ಆದರೂ ಸರಿಹೋಗಲಿಲ್ಲ. ಪರೀಕ್ಷೆಯ ಡಿಸ್ಕಿನಲ್ಲಿ ಫೈಲುಗಳ ಪಟ್ಟಿ ಬರುತ್ತಿತ್ತು, ಸಣ್ಣ ಫೈಲು ತೆರೆಯುತ್ತಿತ್ತು, ದೊಡ್ಡದನ್ನು ನಕಲು ಮಾಡಹೊರಟರೆ ಎಲ್ಲ ಸ್ತಬ್ಧ. ಇದು ಟರ್ಮಿನೇಟರ್ ದೋಷದ ಲಕ್ಷಣ. ಸ್ಕಸಿ ಸರಪಳಿಯ ಎರಡೂ ತುದಿಯಲ್ಲಿ ಟರ್ಮಿನೇಟರ್ ಇರಬೇಕು, ನಡುವೆ ಎಲ್ಲೂ ಇರಬಾರದು. ಒಂದು ತುದಿಯಲ್ಲಿ ಕಾರ್ಡ್ ತಾನೇ ನೋಡಿಕೊಳ್ಳುತ್ತದೆ. ನಾನು ಡ್ರೈವನ್ನು ಕೇಬಲ್ಲಿನ ನಡುವಿನ ಕನೆಕ್ಟರಿಗೆ ಸಿಕ್ಕಿಸಿ ತುದಿಯನ್ನು ಖಾಲಿ ಬಿಟ್ಟಿದ್ದೆ. ಕೊನೆಯ ಕನೆಕ್ಟರಿಗೆ ಟರ್ಮಿನೇಟರ್ ಹಾಕಿದ ಮೇಲೆ ಫೈಲು ಸರಾಗ ಹರಿಯಿತು.

ಈಗ ಹೇಳುವುದನ್ನು ದಯವಿಟ್ಟು ಎರಡು ಸಲ ಓದಿ. ಚಿಕ್ಕಪ್ಪನ ಮೊದಲ ಡಿಸ್ಕ್ ಹಾಕಿದಾಗ ಆ ಕಂಪ್ಯೂಟರಿನಲ್ಲಿದ್ದ ವಿಂಡೋಸ್, ಈ ಡಿಸ್ಕ್ ಫಾರ್ಮ್ಯಾಟ್ ಆಗಿಲ್ಲ, ಈಗ ಫಾರ್ಮ್ಯಾಟ್ ಮಾಡಬೇಕೇ ಅಂತ ಕೇಳಿತು. ಡಿಸ್ಕ್ ಖಾಲಿ ಇತ್ತು ಅಂತಲ್ಲ. ಚಿಕ್ಕಪ್ಪ ಕೆಲಸ ಮಾಡುತ್ತಿದ್ದದ್ದು ಮ್ಯಾಕ್‌ನಲ್ಲಿ, ಡಿಸ್ಕ್ ಇದ್ದದ್ದು ಎಚ್‌ಎಫ್‌ಎಸ್ ಎಂಬ ಮ್ಯಾಕ್ ಕ್ರಮದಲ್ಲಿ. ವಿಂಡೋಸ್‌ಗೆ ಅದು ಗೊತ್ತಿಲ್ಲ, ಗೊತ್ತಿಲ್ಲದ್ದಕ್ಕೆಲ್ಲ ಅದು ಕೇಳುವ ಪ್ರಶ್ನೆ ಅದೇ. ಹೌದು ಅಂದಿದ್ದರೆ ಹದಿನೈದು ವರ್ಷ ಸ್ಪೀಕರ್ ಮಾಡಲಾಗದ್ದನ್ನು ನಾನು ಒಂದು ಗುಂಡಿ ಒತ್ತಿ ಮಾಡಿಬಿಡುತ್ತಿದ್ದೆ. ಡಿಸ್ಕಿನ ಮೂಲೆಯಲ್ಲಿ ಬರಹ ತಡೆಯುವ ಪುಟ್ಟ ಜಾರುಗುಂಡಿ ಇರುತ್ತದೆ. ಡ್ರೈವಿಗೆ ಹಾಕುವ ಮುಂಚೆ ಪ್ರತಿಯೊಂದು ಡಿಸ್ಕಿನ ಗುಂಡಿಯನ್ನೂ ತಡೆಯುವ ಕಡೆಗೆ ಸರಿಸಿ. ನಾನು ಒಂಬತ್ತನ್ನೂ ಸಾಲಾಗಿ ಇಟ್ಟುಕೊಂಡು ಪೆನ್ನಿನ ತುದಿಯಿಂದ ಸರಿಸಿ, ಮತ್ತೊಮ್ಮೆ ಎಣಿಸಿದ ಮೇಲೆಯೇ ಮುಂದುವರಿದೆ. ಈಗಿನ ಮ್ಯಾಕ್ ಇದ್ದರೆ ಸಾಕು ಅಂತಲೂ ಅಂದುಕೊಳ್ಳಬೇಡಿ. 2019ರ ಕ್ಯಾಟಲಿನಾದಿಂದ ಈಚೆಗೆ ಮ್ಯಾಕ್‌ಗಳೂ ಹಳೆಯ ಎಚ್‌ಎಫ್‌ಎಸ್ ಡಿಸ್ಕುಗಳನ್ನು ತೆರೆಯುವುದಿಲ್ಲ.

ಆಮೇಲೆ ಪೆನ್‌ಡ್ರೈವಿನಿಂದ ಲಿನಕ್ಸ್ ಓಡಿಸಿ, ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶದಿಂದ ಇಡೀ ಡಿಸ್ಕಿನ ಇಮೇಜ್ ತೆಗೆದೆ. ಫೈಲು ಫೈಲಾಗಿ ನಕಲು ಮಾಡಬೇಡಿ, ಮೊದಲಿನಿಂದ ಕೊನೆಯವರೆಗೆ ಇದ್ದದ್ದನ್ನು ಇದ್ದ ಹಾಗೇ ಒಂದು ಇಮೇಜ್ ಮಾಡಿಕೊಳ್ಳಿ. ಒಳಗೆ ಯಾವ ಕ್ರಮವಿದೆ ಅನ್ನುವ ತಲೆನೋವು ಆಮೇಲಿನದು. ಅದನ್ನು ಇಮೇಜ್ ಮೇಲೆ ಎಷ್ಟು ಸಲ ಬೇಕಾದರೂ ಪ್ರಯೋಗಿಸಬಹುದು, ಡಿಸ್ಕಿಗೆ ಸವೆತವಿಲ್ಲ. 128, 230, 540ರ ಡಿಸ್ಕುಗಳಲ್ಲಿ ಒಂದು ಸೆಕ್ಟರ್ (ಡಿಸ್ಕಿನ ಮಾಹಿತಿಯನ್ನು ಹಂಚಿಟ್ಟಿರುವ ಒಂದು ತುಂಡು) ಅಂದರೆ 512 ಬೈಟ್, 640ರಲ್ಲಿ 2048 ಬೈಟ್. 640ಕ್ಕೆ ಡಿಡಿರೆಸ್ಕ್ಯೂಗೆ ಈ ಅಳತೆ ಹೇಳಲೇಬೇಕು. ಇಮೇಜ್ ಪೂರ್ತಿ ಬಂತೇ ಅಂತ ನೋಡಲು ಒಂದು ಸುಲಭ ದಾರಿ ಇದೆ: 230ರ ಇಮೇಜ್ ಸರಿಯಾಗಿ 22,85,18,400 ಬೈಟ್ ಇರಬೇಕು, 640ರದ್ದು 63,56,00,896. ಒಂದು ಬೈಟ್ ಕಡಿಮೆ ಇದ್ದರೂ ಏನೋ ತಪ್ಪಿದೆ.

ಐದು ಡಿಸ್ಕುಗಳು ಒಂದೇ ಉಸಿರಿಗೆ ಬಂದವು. ಆರನೆಯದು, 640ರದ್ದು, ಅರ್ಧಕ್ಕೆ ತಡವರಿಸತೊಡಗಿತು. ಡ್ರೈವ್ ಟಿಕ್ ಟಿಕ್ ಅನ್ನುತ್ತ ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ ಬರುವುದು ಕೇಳುತ್ತಿತ್ತು. ಸುಮಾರು 2 ಎಂಬಿಯಷ್ಟು ಓದಲಾಗಲಿಲ್ಲ. ಡ್ರೈವನ್ನು ಮುಟ್ಟಿ ನೋಡಿದರೆ ಕೈ ಇಡಲಾಗದಷ್ಟು ಬಿಸಿ. ಮೂರು ಗಂಟೆ ಆರಲು ಬಿಟ್ಟು, ಪಕ್ಕದಲ್ಲಿ ಚಿಕ್ಕ ಫ್ಯಾನ್ ಇಟ್ಟು ಮತ್ತೆ ಓಡಿಸಿದಾಗ ಅರ್ಧದಷ್ಟು ಬಂತು. ಡಿಡಿರೆಸ್ಕ್ಯೂ ಎಲ್ಲಿ ಓದಿಯಾಗಿದೆ, ಎಲ್ಲಿ ಇಲ್ಲ ಅನ್ನುವುದನ್ನು ಒಂದು ಮ್ಯಾಪ್ ಫೈಲಿನಲ್ಲಿ ಬರೆದುಕೊಳ್ಳುವುದರಿಂದ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ಆ ಫೈಲನ್ನು ಅಳಿಸಬೇಡಿ.

ಉಳಿದರ್ಧಕ್ಕೆ ಕಾರಣ ಲೆನ್ಸ್ ಮೇಲಿನ ದೂಳು. ಈ ಡ್ರೈವುಗಳ ಮೂಲಕ ಕಂಪ್ಯೂಟರಿನ ಫ್ಯಾನ್ ವರ್ಷಗಟ್ಟಲೆ ಗಾಳಿ ಎಳೆದಿರುತ್ತದೆ, ದೂಳೆಲ್ಲ ಒಳಗೇ ಕೂತಿರುತ್ತದೆ. ಬಿಚ್ಚುವ ಧೈರ್ಯ ಬರಲಿಲ್ಲ. ಆಗ ಮೋಸಹೋಗಿ ಕೊಂಡ ಮೊದಲ ಡ್ರೈವ್ ಉಪಯೋಗಕ್ಕೆ ಬಂತು, ಅದರ ಮೇಲೆ ಕೈ ಪಳಗಿಸಿದೆ. ಲೆನ್ಸ್ ಅಂದರೆ ಒಂದು ಹೆಸರುಕಾಳಿನಷ್ಟಿರುವ ಗಾಜಿನ ಗುಬುಟು, ಕೂದಲಿನಂಥ ತಂತಿಗಳ ಮೇಲೆ ತೂಗುತ್ತಿರುತ್ತದೆ. ಆ ಡ್ರೈವಿನಲ್ಲಿ ನಾನು ಹತ್ತಿಕಡ್ಡಿಯನ್ನು ಒಂದಿಷ್ಟು ಒತ್ತಿದ್ದಕ್ಕೇ ಲೆನ್ಸ್ ಓರೆಯಾಗಿ ನಿಂತುಬಿಟ್ಟಿತು. ಎರಡನೆಯದರಲ್ಲಿ ಹತ್ತಿಕಡ್ಡಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಸೋಕಿಸಿ, ಹೆಚ್ಚಿದ್ದನ್ನು ಒರೆಸಿ, ಕಡ್ಡಿಯ ಭಾರ ಮಾತ್ರ ಬೀಳುವ ಹಾಗೆ ಒಂದು ಸುತ್ತು ಸವರಿದೆ. ಹತ್ತಿಯ ತುದಿಗೆ ಬೂದುಬಣ್ಣದ ಒಂದು ಸಣ್ಣ ಗುರುತು ಬಂತು. ಚೆನ್ನಾಗಿ ಆರಲು ಬಿಟ್ಟು ಮಾರನೆಯ ದಿನ ಜೋಡಿಸಿದೆ. ಆ 640ರ ಡಿಸ್ಕಿನಲ್ಲಿ ಕೊನೆಗೆ ಓದದೆ ಉಳಿದದ್ದು ನಾಲ್ಕು ಸೆಕ್ಟರ್, 8,192 ಬೈಟ್.

ಡಿವಿಡಿ ರ‍್ಯಾಮ್ ಬಗ್ಗೆ ಹೆಚ್ಚು ಹೇಳಲು ಇಲ್ಲ. ಮೇಲ್ಮೈಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಹೊಲಿಗೆ ಹಾಕಿದಂತೆ ಚಿಕ್ಕ ಚಿಕ್ಕ ಗೀಟುಗಳು ಕಾಣುತ್ತವೆ, ಅದರಿಂದಲೇ ಗುರುತು ಹಿಡಿಯಬಹುದು. ನನ್ನವು ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಇದ್ದವು, ಬಿಚ್ಚಬಹುದಾದ ಬಗೆಯವು, ತೆಗೆದು ಮಾಮೂಲಿ ಡಿವಿಡಿ ಡ್ರೈವಿನಲ್ಲೇ ಓದಿದೆ. ಕೊಳ್ಳುವ ಡ್ರೈವಿನ ವಿವರದಲ್ಲಿ ಡಿವಿಡಿ ರ‍್ಯಾಮ್ ಅಂತ ಇದೆಯೇ ನೋಡಿಕೊಂಡರೆ ಸಾಕು. ಸಿಡಿ ಆರ್‌ಡಬ್ಲ್ಯೂ ಮೂರರಲ್ಲಿ ಒಂದು ಹೋಗಿಯೇ ಬಿಟ್ಟಿತ್ತು. ಅಲ್ಲಿ ಕಾಂತಶಕ್ತಿಯ ಮಾತಿಲ್ಲ. ಲೇಸರ್ ಶಾಖದಿಂದ ಲೋಹದ ಪದರ ಹರಳಾಗುವುದು, ಹರಳು ಕಳೆದುಕೊಳ್ಳುವುದು, ಅಷ್ಟೇ ಆಟ. ಆ ಎರಡು ಸ್ಥಿತಿಗಳ ಹೊಳಪಿನ ಅಂತರ ಅಚ್ಚಿನ ಸಿಡಿಗಿಂತ ಮೊದಲೇ ತುಂಬ ಕಡಿಮೆ. ಪೆಟ್ಟಿಗೆಯ ರಕ್ಷಣೆಯೂ ಅದಕ್ಕಿಲ್ಲ. ನಿಮ್ಮ ಬಳಿ ಎಲ್ಲ ಬಗೆಯವೂ ಇದ್ದರೆ ಸಿಡಿ ಆರ್‌ಡಬ್ಲ್ಯೂಗಳನ್ನೇ ಮೊದಲು ಓದಿ, ಎಂಓ ಕಾಯಬಲ್ಲದು. ನಾನು ಇದಕ್ಕೆ ಉಲ್ಟಾ ಮಾಡಿದೆ.

ಒಂಬತ್ತನೆಯ ಎಂಓ ಮೇಲೆ ಚಿಕ್ಕಪ್ಪನ ಅಕ್ಷರದಲ್ಲಿ "ಖಾಲಿ" ಅಂತಿತ್ತು. ಅದೊಂದು 230ರ ಡಿಸ್ಕ್. ಬಿಟ್ಟುಬಿಡೋಣ ಅನಿಸಿತ್ತು. ಎಲ್ಲದಕ್ಕೂ ಮಾಡಿದ್ದೇನೆ, ಇದಕ್ಕೂ ಆಗಲಿ ಅಂತ ಇಮೇಜ್ ತೆಗೆದೆ. ಪಟ್ಟಿಯಲ್ಲಿ ಒಂದು ಫೈಲೂ ಇಲ್ಲ. ಆದರೆ ಬೇಗ ಮುಗಿಯುವ ಫಾರ್ಮ್ಯಾಟ್ ಮಾಡಿದಾಗ ಅಳಿಯುವುದು ಪಟ್ಟಿ ಮಾತ್ರ, ಮೇಲೆ ಬೇರೇನೂ ಬರೆಯುವವರೆಗೆ ಒಳಗಿನ ಸರಕು ಹಾಗೇ ಇರುತ್ತದೆ. ಹೀಗೆ ಪಟ್ಟಿಯಿಲ್ಲದೆ ಉಳಿದ ಫೈಲುಗಳನ್ನು ಹುಡುಕಿಕೊಡುವ ಫೋಟೋರೆಕ್ ಅನ್ನುವ ತಂತ್ರಾಂಶಕ್ಕೆ ಆ ಇಮೇಜ್ ಕೊಟ್ಟೆ. 17 ಚಿತ್ರಗಳು ಬಂದವು. ಫೈಲುಗಳ ಹೆಸರು ಹೋಗಿತ್ತು, ಚಿತ್ರ ಉಳಿದಿತ್ತು. ಅದರಲ್ಲಿ ಚಿಕ್ಕಪ್ಪ ತಾವೇ ಇದ್ದ ಒಂದೇ ಒಂದು ಫೋಟೋ ಇತ್ತು. ಉಳಿದ ಎಲ್ಲದರಲ್ಲೂ ಅವರು ಕ್ಯಾಮೆರಾದ ಹಿಂದೆ ಇದ್ದವರಲ್ಲವೇ.

ಆ ನಾಲ್ಕು ಸೆಕ್ಟರ್ ಹೋದ ಫೋಟೋ ಅಜ್ಜಿಯದು. ಕಿಟಕಿಯ ಬಳಿ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಾರೆ, ನಾಲಿಗೆಯ ತುದಿ ಚೂರು ಹೊರಗಿದೆ. ಅವರ ಕೈಗಿಂತ ಒಂದಂಗುಲ ಮೇಲೆ, ಚಿತ್ರದ ಈ ಅಂಚಿನಿಂದ ಆ ಅಂಚಿಗೆ, ಕೂದಲೆಳೆಯಷ್ಟು ತೆಳುವಾದ ಒಂದು ಕಪ್ಪು ಗೆರೆ. ಕಳೆದುಹೋದ ಬೈಟುಗಳು ಕೂತಿದ್ದದ್ದು ಅಲ್ಲಿ. ಅದನ್ನು ತಿದ್ದಿ ಮುಚ್ಚುವುದು ಕಷ್ಟವಲ್ಲ. ಚಿಕ್ಕಮ್ಮನಿಗೆ ತೋರಿಸಿ ಕೇಳಿದೆ, "ಸರಿ ಮಾಡ್ಲಾ ಚಿಕ್ಕಮ್ಮ?" ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. "ಅದೂ ದಾರದ ಥರನೇ ಇದೆ. ಇರ್ಲಿ ಬಿಡು" ಅಂದರು.

ಎಲ್ಲ ಇಮೇಜ್‌ಗಳೂ ಈಗ ಬೇರೆ ಬೇರೆ ಕಡೆಯ ಮೂರು ಹಾರ್ಡ್ ಡಿಸ್ಕುಗಳಲ್ಲಿವೆ. ಕಂಪ್ಯೂಟರನ್ನು ಗೆಳೆಯನಿಗೆ ಹಿಂದಿರುಗಿಸುವ ಮುನ್ನ ಚಿಕ್ಕಮ್ಮ ಒಂದು ಆಸೆ ಹೇಳಿದರು, ಆರಿಸಿದ ಫೋಟೋಗಳನ್ನು ಚಿಕ್ಕಪ್ಪನ ಡಿಸ್ಕಿನಲ್ಲೇ ಒಂದು ಪ್ರತಿ ಇಡಬೇಕು ಅಂತ. "ಖಾಲಿ" ಡಿಸ್ಕನ್ನೇ ತೆಗೆದುಕೊಂಡೆ. ಬರಹ ತಡೆಯುವ ಗುಂಡಿಯನ್ನು ಮೊದಲ ಬಾರಿ ಈಚೆಗೆ ಸರಿಸುವಾಗ, ಇಮೇಜ್ ಇದೆ ಅಂತ ಗೊತ್ತಿದ್ದೂ ಕೈ ತಡೆಯಿತು. ಎಂಓ ಬರೆಯುವುದು ನಿಧಾನ. ಒಂದು ಸುತ್ತು ಅಳಿಸಬೇಕು, ಇನ್ನೊಂದು ಸುತ್ತು ಬರೆಯಬೇಕು, ಮತ್ತೊಂದು ಸುತ್ತು ಸರಿಯಾಗಿದೆಯೇ ಓದಿ ನೋಡಬೇಕು. ಚಿಕ್ಕಮ್ಮ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತಿದ್ದರು. "ರಾತ್ರಿ ಹೊತ್ತು ಇದೇ ಸದ್ದು ಕೇಳ್ತಿತ್ತು ಕಣೋ ಆ ರೂಮಿಂದ" ಅಂದರು. ಬರೆದು ಮುಗಿದ ಮೇಲೆ ಡಿಸ್ಕನ್ನು ಅವರ ಕೈಗೆ ಕೊಟ್ಟೆ. "ಖಾಲಿ" ಅನ್ನುವುದನ್ನು ಹೊಡೆದುಹಾಕದೆ, ಅದರ ಕೆಳಗೆ ಉಳಿದಿದ್ದ ಜಾಗದಲ್ಲಿ ತಮ್ಮ ಅಕ್ಷರದಲ್ಲಿ ಆ ದಿನದ ತಾರೀಖು ಬರೆದರು.